ಅಪ್‌ಡೇಟ್: ಟೌಬೆಯ ರೆಕ್ಕೆ ಕೊನೆಗೂ ಬಾಗಿತು

1911ರಲ್ಲಿ ಇಟಲಿಯವರು ಲಿಬಿಯಾದಲ್ಲಿ ಬಾಂಬು ಎಸೆಯಲು ಬಳಸಿದ ಟೌಬೆ ವಿಮಾನದ 1:48 ಮಾದರಿಗೆ, ರೆಕ್ಕೆಯ ಬಾಗಿದ ಅಂಚನ್ನು ಮುರಿಯದೆ ಮಾಡುವುದು ಹೇಗೆಂದು ಹಿಂದೆ ಕೇಳಿದ್ದೆ. ಬಾಲ್ಸಾ ಎಂಬ ಹಗುರ ಮರ ಬಿಟ್ಟು ಬಿದಿರು ಹಿಡಿಯಿರಿ ಎಂಬ ಸಲಹೆಯಂತೆ, ಮೈಸೂರಿನ ನಮ್ಮ ಬೀದಿಯಲ್ಲೇ ಊದುಬತ್ತಿ ಹೊಸೆಯುವವರ ಮನೆಯಿಂದ ಬರಿಯ ಕಡ್ಡಿಗಳನ್ನು ತಂದು, ರಾತ್ರಿಯಿಡೀ ನೆನೆಸಿ, ಬ್ಲೇಡಿನಿಂದ ಸೀಳಿ, ಮೇಣದಬತ್ತಿಯ ಶಾಖಕ್ಕೆ ಹಿಡಿದು ಬಗ್ಗಿಸಿದೆ. ಮೊದಲ ನಾಲ್ಕು ಕರಕಲಾದವು, ಐದನೆಯದು ನಕ್ಷೆಯ ಗೆರೆಯ ಮೇಲೆ ಸರಿಯಾಗಿ ಕುಳಿತಿತು. ಸುಮಾರು 14 ಮೀಟರ್ ಅಗಲದ ರೆಕ್ಕೆ ಈಗ ಮೇಜಿನ ಮೇಲೆ 30 ಸೆಂಟಿಮೀಟರಿನಷ್ಟಿದೆ. ಆದರೆ ಹೊದಿಸಿದ ತೆಳುಕಾಗದಕ್ಕೆ ನೀರು ಹೆಚ್ಚು ಚಿಮುಕಿಸಿದ್ದರಿಂದ, ಒಣಗುವಾಗ ಎಡರೆಕ್ಕೆಯ ತುದಿ ಮೇಲಕ್ಕೆ ತಿರುಚಿಕೊಂಡಿತು. ಐಲರಾನ್‌ಗಳೇ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಚಲಿಸುವ ಪಟ್ಟಿಗಳು) ಇಲ್ಲದ ಟೌಬೆ ತಂತಿಗಳಿಂದ ರೆಕ್ಕೆತುದಿಯನ್ನು ತಿರುಚಿಯೇ ವಾಲುತ್ತಿದ್ದುದರಿಂದ (ನನ್ನ ಅದೃಷ್ಟ!), ಅದನ್ನು ಹಾಗೆಯೇ ಬಿಟ್ಟು, ಬಲರೆಕ್ಕೆಯ ತುದಿಯನ್ನು ಕೆಳಕ್ಕೆ ಎಳೆದು ಕಟ್ಟಿದ್ದೇನೆ.