ಸೀನನ ಎರಡನೇ ಲಾಳಿಕೆ

“ರಾಕೆಟ್ಟಿನ ಅನಿಲ ಹೊರಬರೋ ಲಾಳಿಕೆ, ಅದೇ ನಾಝಲ್, ಅದರ ಹಿಂದೆ ಇನ್ನೊಂದು ನಾಝಲ್ ಇಟ್ಟರೆ ಥ್ರಸ್ಟ್, ಅಂದರೆ ತಳ್ಳೋ ಬಲ, ಡಬಲ್ ಅಲ್ವಾ?” ಸೀನ ಹಾಳೆ ಬಿಡಿಸಿದ.

ರಾಯರು ಕನ್ನಡಕ ಏರಿಸಿದರು. “ಮೂರು ಇಟ್ಟರೆ?”

“ಮೂರು ಪಟ್ಟು!”

“ಹಾಗಾದರೆ ಇಂಜಿನ್ನೇ ಬೇಡ ಬಿಡು. ಲಾಳಿಕೆ ಜೋಡಿಸುತ್ತಾ ಹೋಗು, ಚಂದ್ರ ಸಿಕ್ಕಾಗ ನಿಲ್ಲಿಸು.”

“ನಗಬೇಡಿ ರಾಯರೇ. ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ದೂರ ಹಾರಲ್ವಾ?”

“ಮತ್ತೆ ರಾಕೆಟ್ಟಿನ ಬಾಯಿ ಗಂಟೆಯ ಹಾಗೆ ಅಗಲ ಯಾಕೆ?” ವಿಶ್ವ ಕೆಣಕಿದ.

“ಬೆರಳಿನ ಆಟ ಕತ್ತಿನವರೆಗೆ, ಅಂದರೆ ನಾಝಲ್ ತೀರಾ ಕಿರಿದಾಗೋ ಜಾಗದವರೆಗೆ ಮಾತ್ರ ಕಣೋ,” ಎಂದರು ರಾಯರು. “ಅಲ್ಲಿ ಅನಿಲ ಶಬ್ದದ ವೇಗ ಮುಟ್ಟುತ್ತದೆ. ಅಲ್ಲಿಂದಾಚೆ ನಿಯಮ ಉಲ್ಟಾ. ಜಾಗ ಕೊಟ್ಟಷ್ಟೂ ಓಟ ಜಾಸ್ತಿ. ನಿನ್ನ ಎರಡನೇ ಲಾಳಿಕೆ ಮತ್ತೆ ಕಿರಿದಾದರೆ ಬ್ರೇಕ್ ಹಾಕಿದ ಹಾಗೆ. ಸ್ವೀಡನ್ನಿನ ದ ಲಾವಾಲ್ 1888ರಲ್ಲೇ ಕಿರಿದಾಗಿ ಮತ್ತೆ ಅಗಲವಾಗೋ ಈ ಆಕಾರವನ್ನು ಉಗಿ ಟರ್ಬೈನಿಗೆ ಮಾಡಿದ್ದ. ಅದಕ್ಕೂ ಮುಂಚೆ ಹಾಲಿನಿಂದ ಕೆನೆ ತೆಗೆಯೋ ಯಂತ್ರ ಮಾಡಿದವನು ಅವನು.”

“ಕೆನೆಗೂ ರಾಕೆಟ್ಟಿಗೂ ಏನು ಸಂಬಂಧ?”

“ಇದೆ. 15 ಡಿಗ್ರಿ ಓರೆಯ ಬರೀ ಶಂಕು ಇಟ್ಟರೂ, ಅನಿಲ ಪಕ್ಕಕ್ಕೆ ಚೆದುರಿ ಆಗೋ ನಷ್ಟ ಶೇ. 1.7 ಅಷ್ಟೇ. ಕೆನೆಯೆಲ್ಲ ಅವನೇ ತೆಗೆದ. ನೀನು ಪಾತ್ರೆಯ ತಳ ಕೆರೆಯುತ್ತಿದ್ದೀಯ. ಆ ತಳವನ್ನೂ 1958ರಲ್ಲಿ ಜಿ.ವಿ.ಆರ್. ರಾವ್ ಲೆಕ್ಕ ಹಾಕಿ ಕೆರೆದಾಗಿದೆ. ಗಂಟೆಯ ಆ ಬಾಗು ಅವರ ಲೆಕ್ಕದ್ದು.”

“ನಿಮ್ಮ ಕಡೆಯವರಾ?”

“ಹೆಸರಷ್ಟೇ. ಆ ಲೆಕ್ಕ ನನಗೆ ಬಂದಿದ್ದರೆ ನಿನ್ನ ಜೊತೆ ಕೂತಿರುತ್ತಿದ್ದೆನಾ?”

ಸೀನ ಬಗ್ಗಲಿಲ್ಲ. “ಒಳಗೆ ತಿರುಪಿನ ಗೆರೆ ಕೊರೆದರೆ?”

“ಅನಿಲಕ್ಕೆ ತಲೆ ಸುತ್ತುತ್ತದೆ. ಹಿಂದಕ್ಕೆ ಓಡಬೇಕಾದ ಶಕ್ತಿ ಗಿರಗಿರ ತಿರುಗೋದರಲ್ಲೇ ಖರ್ಚು.”

“ಏರೋಸ್ಪೈಕ್?” ಎಂದ ವಿಶ್ವ.

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದರ ವಿಷಯ ಬೇರೆ. ಗಂಟೆ ಒಂದೇ ಎತ್ತರಕ್ಕೆ ಸರಿಹೊಂದುತ್ತದೆ. ಏರೋಸ್ಪೈಕ್ ಅಂದರೆ ನಡುವೆ ಮೊನೆ ಇರೋ ನಾಝಲ್. ಅದಕ್ಕೆ ಹೊರಗೋಡೆಯೇ ಇಲ್ಲ, ಸುತ್ತಲಿನ ಗಾಳಿಯೇ ಗೋಡೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಗೋಡೆ ತಾನಾಗಿಯೇ ಸರಿದು ಜಾಗ ಬಿಡುತ್ತದೆ. ನಾಸಾದ ಎಕ್ಸ್-33 ವಿಮಾನಕ್ಕೆ ಅಂಥ ಇಂಜಿನ್ ಮಾಡಿದರು. ನೆಲಕ್ಕೆ ಕಟ್ಟಿಹಾಕಿ ಉರಿಸಿ ನೋಡಿದರು. ಉರಿಯಿತು. 2001ರಲ್ಲಿ ಯೋಜನೆಯೇ ನಿಂತುಹೋಯಿತು.”

“ಇಂಜಿನ್ ಕೆಟ್ಟಿತ್ತಾ?”

“ಇಲ್ಲಪ್ಪ. ಪರೀಕ್ಷೆಯಲ್ಲಿ ಹೈಡ್ರೋಜನ್ ಟ್ಯಾಂಕ್ ಕೈಕೊಟ್ಟಿತ್ತು. ಇಂಜಿನ್ ಪಾಪ, ಹಾರಲೇ ಇಲ್ಲ.”

ಯಾರೂ ಮಾತಾಡಲಿಲ್ಲ. ಸೀನ ಹಾಳೆ ಮಡಚಿದ. ಮತ್ತೆ ಬಿಡಿಸಿದ.

“ರಾಯರೇ, ನನ್ನ ಎರಡನೇ ಲಾಳಿಕೆಗೂ ಗೋಡೆ ತೆಗೆದುಬಿಟ್ಟರೆ?”

“ಏನು ಉಳಿಯುತ್ತದೆ?”

“ತೂತು.”

ರಾಯರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. “ತೂಕ ಕಮ್ಮಿ. ಬರೆದುಕೋ.”