ಮಂಜು, ವೈಫೈ ಬೋರ್ಡ್ ಹಾಕುವ ಮುಂಚೆ

ಮಂಜು, ಚಿಕ್ಕಪ್ಪ ಮಾತಾಡುತ್ತಿದ್ದೇನೆ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ವಾಯ್ಸ್. ಉಳಿದವರು ಬೇಕಾದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ. ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪಿಎಂ-ವಾಣಿ ವೈಫೈ, ಅಂದರೆ ಅಂಗಡಿಯವರೇ ಜನರಿಗೆ ವೈಫೈ ಕೊಡುವ ಕೇಂದ್ರ ಸರ್ಕಾರದ ಯೋಜನೆಯದು, ಹಾಕಿದರೆ ದುಡ್ಡು ಹುಟ್ಟುತ್ತದಾ ಅಂತ ನೀನು ಕೇಳಿದ್ದೀಯ. ಫೋನ್ ಕಂಪನಿಯವರೇ ಎಲ್ಲ ಕಡೆ ವೈಫೈ ಕೊಡಬಾರದಾ ಅಂತ ಸರೋಜಕ್ಕ ಕೇಳಿದ್ದಾಳೆ. ಮೊದಲು ಅಕ್ಕನದು ಹೇಳುತ್ತೇನೆ. ನಿನ್ನ ಲೆಕ್ಕ ಅದರ ಮೇಲೇ ನಿಂತಿದೆ.

ಅಕ್ಕ, ಫೋನ್ ಕಂಪನಿಗಳಿಗೆ ವೈಫೈ ನೆನಪಾಗುವುದು ತಮ್ಮ ಟವರ್‌ಗೆ ಉಸಿರು ಕಟ್ಟಿದಾಗ. ಅಮೆರಿಕದಲ್ಲಿ ಹಾಗೇ ಆಯಿತು. 2007ರಲ್ಲಿ ಐಫೋನ್ ಬಂದಾಗ ಅಲ್ಲಿ ಅದು ಎಟಿ ಅಂಡ್ ಟಿ ಕಂಪನಿಯಲ್ಲಿ ಮಾತ್ರ ಸಿಗುತ್ತಿತ್ತು. ಜನ ಫೋನಲ್ಲೇ ಇಂಟರ್ನೆಟ್ ನೋಡತೊಡಗಿದರು. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಕಡೆ ಕಾಲ್ ಕಟ್ ಆಗುತ್ತದೆ ಅಂತ ದೂರೋ ದೂರು. ಕಂಪನಿ 2008ರಲ್ಲಿ ವೇಪೋರ್ಟ್ ಎಂಬ ಹಾಟ್‌ಸ್ಪಾಟ್ ಕಂಪನಿಯನ್ನೇ ಕೊಂಡಿತು. ಐಫೋನ್ ಗಿರಾಕಿಗಳಿಗೆ ಸ್ಟಾರ್‌ಬಕ್ಸ್‌ನಂಥ ಕಡೆ ವೈಫೈ ಪುಕ್ಕಟೆ ಮಾಡಿತು. 2010ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲೂ ಹಾಕಿತು. ಧಾರಾಳತನ ಏನಲ್ಲ, ಟವರ್ ಮೇಲಿನ ಭಾರ ಇಳಿಸಿಕೊಳ್ಳುವ ಉಪಾಯ ಅಷ್ಟೇ.

ನಮ್ಮಲ್ಲಿ ಬೇರೆ ಥರ ಆಯಿತು. 2016ರ ಜನವರಿಯಲ್ಲಿ ಗೂಗಲ್ ಮತ್ತು ರೈಲ್ವೆಯದೇ ಟೆಲಿಕಾಂ ಕಂಪನಿ ರೈಲ್‌ಟೆಲ್ ಸೇರಿ ಮುಂಬೈ ಸೆಂಟ್ರಲ್‌ನಲ್ಲಿ ಸ್ಟೇಷನ್ ವೈಫೈ ಶುರು ಮಾಡಿದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ರೇಟು ನೆಲ ಕಚ್ಚಿತು. 400ಕ್ಕೂ ಹೆಚ್ಚು ಸ್ಟೇಷನ್ ಮುಟ್ಟಿದ ಗೂಗಲ್ 2020ರಲ್ಲಿ ಕೈಬಿಟ್ಟಿತು. ಡೇಟಾ ಅಗ್ಗವಾಗಿದೆ ಅನ್ನುವುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ರೈಲ್‌ಟೆಲ್ ಮಾತ್ರ ಮುಂದುವರಿಸಿತು. ಸ್ಟೇಷನ್‌ನಲ್ಲಿ ದಿನಕ್ಕೆ ಮೊದಲ ಅರ್ಧ ಗಂಟೆ ಪುಕ್ಕಟೆ, ಆಮೇಲೆ ದುಡ್ಡು. ಸ್ಪೆಕ್ಟ್ರಂಗೆ, ಅಂದರೆ ಸಿಗ್ನಲ್ ಹರಿಯುವ ರೇಡಿಯೊ ತರಂಗಗಳ ಹಕ್ಕಿಗೆ, ಸಾವಿರಾರು ಕೋಟಿ ಸುರಿದ ಕಂಪನಿಗಳಿಗೆ ನಾವು ಟವರ್‌ನಲ್ಲೇ ಇದ್ದು ರೀಚಾರ್ಜ್ ಮಾಡಿಸಿದರೆ ಸಾಕು ಅಲ್ವಾ?

ಇನ್ನು ಮಂಜು, ನಿನ್ನ ವಿಷಯ. ಪಿಎಂ-ವಾಣಿಗೆ ಕೇಂದ್ರ ಸಂಪುಟ ಒಪ್ಪಿದ್ದು 2020ರ ಡಿಸೆಂಬರ್‌ನಲ್ಲಿ. ಅದರಲ್ಲಿ ಅಂಗಡಿಯವನನ್ನು ಪಿಡಿಒ, ಅಂದರೆ ಪಬ್ಲಿಕ್ ಡೇಟಾ ಆಫೀಸ್, ಅನ್ನುತ್ತಾರೆ. ನಮ್ಮ ಪಂಚಾಯ್ತಿ ಪಿಡಿಒ ಅಲ್ಲ ಮತ್ತೆ! ಲೈಸೆನ್ಸ್ ಬೇಡ, ಸರ್ಕಾರಕ್ಕೆ ಫೀಸೂ ಇಲ್ಲ. ನಿನ್ನಂಥ ಹಲವು ಅಂಗಡಿಗಳನ್ನು ಸೇರಿಸಿಕೊಂಡು ನಡೆಸುವ ಕಂಪನಿಗೆ ಪಿಡಿಒಎ ಅಂತ ಹೆಸರು. ಗಿರಾಕಿಯ ಮೊಬೈಲ್ ನಂಬರ್‌ಗೆ ಓಟಿಪಿ, ಲೆಕ್ಕ, ದಾಖಲೆ ಎಲ್ಲ ಅವರು ಮತ್ತು ವೈಫೈ ಆ್ಯಪ್‌ನವರು ನೋಡಿಕೊಳ್ಳುತ್ತಾರೆ. ಇದು ಮುಖ್ಯ. ಸುಮ್ನೆ ಮನೆ ಕನೆಕ್ಷನ್ ಪಾಸ್‌ವರ್ಡ್ ಗೋಡೆಗೆ ಅಂಟಿಸಿದೆ ಅಂತಿಟ್ಟುಕೋ, ಯಾರೋ ಕಿತಾಪತಿ ಮಾಡಿದರೆ ಪೊಲೀಸರಿಗೆ ಸಿಗುವುದು ನಿನ್ನ ಹೆಸರು.

ಈಗ ದುಡ್ಡು. ಪಿಡಿಒಗಳು ಲೀಸ್ಡ್ ಲೈನ್, ಅಂದರೆ ಕಂಪನಿಗಳಿಗೆ ಕೊಡುವ ದುಬಾರಿ ಪ್ರತ್ಯೇಕ ಲೈನ್, ತಗೊಳ್ಳಬೇಕು ಅಂತ ಇಂಟರ್ನೆಟ್ ಕಂಪನಿಗಳು ಪಟ್ಟು ಹಿಡಿದಿದ್ದವು. ಅದರ ಬಾಡಿಗೆ ಜೆರಾಕ್ಸ್ ಅಂಗಡಿಗೆ ಎಲ್ಲಿ ಗಿಟ್ಟಬೇಕು? ಯೋಜನೆ ಕುಂಟಿದ್ದಕ್ಕೆ ಇದೂ ಒಂದು ಕಾರಣ. 2022ಕ್ಕೆ 1 ಕೋಟಿ ಹಾಟ್‌ಸ್ಪಾಟ್ ಅಂತ 2018ರ ಟೆಲಿಕಾಂ ನೀತಿ ಬರೆದುಕೊಂಡಿತ್ತು. ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಕೊನೆಗೆ 2025ರ ಜೂನ್‌ನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಆದೇಶ ಹೊರಡಿಸಿತು. 200 ಎಂಬಿಪಿಎಸ್‌ವರೆಗಿನ ಫೈಬರ್ ಪ್ಲ್ಯಾನ್‌ಗೆ ಮನೆಯವರಿಗೆ ಹಾಕುವ ರೇಟಿನ ಎರಡರಷ್ಟಕ್ಕಿಂತ ಜಾಸ್ತಿ ಪಿಡಿಒ ಹತ್ತಿರ ಕೇಳುವ ಹಾಗಿಲ್ಲ.

ಅಂದರೆ ಮನೆಗೆ 600 ರೂಪಾಯಿ ಇದ್ದರೆ ನಿನಗೆ ಹೆಚ್ಚೆಂದರೆ 1,200, ಟ್ಯಾಕ್ಸ್ ಬೇರೆ. 10 ರೂಪಾಯಿಯ ಕೂಪನ್ ಮಾರಿದರೆ ತಿಂಗಳಿಗೆ 120 ಹೋಗಬೇಕು, ಅಸಲು ಹುಟ್ಟಲು. ಪಿಡಿಒಎ ಪಾಲು ಕಳೆದರೆ ಇನ್ನೂ ಜಾಸ್ತಿ. ದಿನಕ್ಕೆ 1.5 ಜಿಬಿ ಇರುವವನು ನಿನ್ನ ಕೂಪನ್ ಯಾಕೆ ಕೊಳ್ಳುತ್ತಾನೆ? ಕೊಳ್ಳುವವರು ಬರೀ ಕಾಲ್ ಪ್ಯಾಕ್ ಹಾಕಿಸಿದವರು, ದಿನದ ಡೇಟಾ ಮುಗಿಸಿಕೊಂಡ ಕಾಲೇಜು ಹುಡುಗರು, ಅರ್ಜಿ ಅಪ್‌ಲೋಡ್ ಮಾಡಲು ಬಂದವರು. ಈ ಕೊನೆಯವರು ಹೇಗೂ ನಿನ್ನ ಅಂಗಡಿಗೇ ಬರುತ್ತಾರೆ. ಹಾಗಾಗಿ ವೈಫೈ ಮಾರಿ ಬದುಕುತ್ತೇನೆ ಅನ್ನಬೇಡ. ಅದರಿಂದ ಪ್ರಿಂಟು, ಜೆರಾಕ್ಸು ಜಾಸ್ತಿಯಾಗುತ್ತದಾ ನೋಡು. ಆದರೆ ಹಾಕು.

ಹಾಕಿದರೆ ರೂಟರ್ ಒಳಗಿನ ಮೂಲೆಯಲ್ಲಿಡಬೇಡ. ರಾತ್ರಿ ಶಟರ್ ಎಳೆದರೆ ಆ ತಗಡು ಸಿಗ್ನಲ್ ತಡೆಯುತ್ತದೆ. ಕೊನೆ ಬಸ್‌ಗೆ ಕಾಯುವವರೇ ನಿನ್ನ ಒಳ್ಳೆ ಗಿರಾಕಿಗಳು, ಅವರಿಗೇ ಸಿಗುವುದಿಲ್ಲ. ಕರೆಂಟ್ ಹೋದಾಗಲೂ ನಡೆಯಲಿ, ರೂಟರ್‌ಗೆ ಬರುವ ಚಿಕ್ಕ ಯುಪಿಎಸ್ ತಂದುಕೋ.

ಅಕ್ಕ, ಸ್ಟೇಷನ್ ವೈಫೈನಲ್ಲಿ ಬ್ಯಾಂಕ್ ಆ್ಯಪ್ ತೆರೆಯಬಹುದಾ ಅಂತಲೂ ಕೇಳಿದ್ದೆ. ಆ ಎರಡು ನಿಮಿಷಕ್ಕೆ ನಿನ್ನ ಸಿಮ್ ಡೇಟಾ ಆನ್ ಮಾಡಿಕೋ. ವೈಫೈ ಪೇಜು ಮೊಬೈಲ್ ನಂಬರ್, ಓಟಿಪಿ ಬಿಟ್ಟು ಎಟಿಎಂ ಪಿನ್ ಕೇಳಿದರೆ ತಕ್ಷಣ ಮುಚ್ಚಿಬಿಡು.

ಮಂಜು, ನಾಳೆ ಫೈಬರ್‌ನವನ ಹತ್ತಿರ ಪಿಡಿಒ ರೇಟು ಅಂತಲೇ ಬಾಯಿಬಿಟ್ಟು ಕೇಳು. ಲೀಸ್ಡ್ ಲೈನ್ ಕಥೆ ಹೇಳಿದರೆ ಟ್ರಾಯ್ ಆದೇಶದ ಪಿಡಿಎಫ್ ತೋರಿಸು, ಗ್ರೂಪಿಗೆ ಈಗಲೇ ಹಾಕುತ್ತೇನೆ. ಎಷ್ಟು ಹೇಳಿದ ಅಂತ ರಾತ್ರಿ ಫೋನ್ ಮಾಡು.