ಆಯಿಲ್ ಫಿಲ್ಟರ್ ಬಿಚ್ಚೋಕೆ ಬರ್ತಿಲ್ಲ, ಏನು ಮಾಡಲಿ?

ತುಮಕೂರು ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ನನ್ನದು 2016ರ ಪೆಟ್ರೋಲ್ ಸ್ವಿಫ್ಟ್. ಈ ಸಲ ಆಯಿಲ್, ಫಿಲ್ಟರ್ ಎರಡನ್ನೂ ಮನೆಯಲ್ಲೇ ಬದಲಾಯಿಸೋಣ ಅಂತ ಸಾಮಾನು ತಂದಿದ್ದೇನೆ. ಹಳೇ ಆಯಿಲ್ ಪೂರ್ತಿ ಇಳಿಸಿ ಆಯಿತು. ಆದರೆ ಫಿಲ್ಟರ್ ಮಾತ್ರ ಜಪ್ಪಯ್ಯ ಅಂದರೂ ತಿರುಗುತ್ತಿಲ್ಲ, ಜಿಡ್ಡಿಗೆ ಕೈ ಜಾರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸು ಅಂತಾರೆ ಪಕ್ಕದ ಮನೆಯವರು. ಮಾಡಬಹುದಾ? ಹೊಸದನ್ನು ಎಷ್ಟು ಟೈಟ್ ಮಾಡಬೇಕು?

ಗ್ಯಾರೇಜ್ ಅಣ್ಣ:
ಸ್ಕ್ರೂಡ್ರೈವರ್ ಬದಿಗಿಡಿ. ಫಿಲ್ಟರಿನ ತಗಡು ತೆಳು, ಚುಚ್ಚಿ ಎಳೆದರೆ ಉದ್ದಕ್ಕೂ ಹರಿದುಕೊಂಡು ಹೋಗುತ್ತದೆ, ಫಿಲ್ಟರ್ ಅಲ್ಲೇ ಕೂತಿರುತ್ತದೆ, ಆಮೇಲೆ ಹಿಡಿಯೋಕೂ ಏನೂ ಉಳಿಯಲ್ಲ. ಮೊದಲು ಜಿಡ್ಡು ಚೆನ್ನಾಗಿ ಒರೆಸಿ. ಎಮರಿ ಪೇಪರಿನ ಒರಟು ಭಾಗ ಫಿಲ್ಟರಿಗೆ ತಾಗುವಂತೆ ಸುತ್ತಿ ತಿರುಗಿಸಿ. ಆಗಲೂ ಬರದಿದ್ದರೆ ಬಿಡಿಭಾಗದ ಅಂಗಡಿಯಲ್ಲಿ ಚೈನ್ ಇರುವ ಫಿಲ್ಟರ್ ರಿಂಚ್ ಸಿಗುತ್ತದೆ, ಅದನ್ನು ಎಂಜಿನ್ ಕಡೆಯ ಅಂಚಿಗೆ ಹಾಕಿ, ಅಲ್ಲಿ ತಗಡು ಗಟ್ಟಿ. ಫಿಲ್ಟರಿನ ತಳ ನಿಮ್ಮ ಮುಖದ ಕಡೆ ಇದೆ ಅಂದುಕೊಂಡು ಎಡಕ್ಕೆ ತಿರುಗಿಸಿ. ಕೆಳಗೆ ಮಲಗಿದಾಗ ದಿಕ್ಕು ತಪ್ಪಿ ಇನ್ನೂ ಬಿಗಿ ಮಾಡುವವರೇ ಜಾಸ್ತಿ.

ಅಂದಹಾಗೆ ಕಾರು ಯಾವುದರ ಮೇಲೆ ನಿಂತಿದೆ? ಗಾಡಿ ಜೊತೆ ಬಂದ ಜಾಕ್ ಟೈರ್ ಬದಲಾಯಿಸೋಕೆ ಮಾತ್ರ. ಜಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಗಟ್ಟಿ ಕಾಲು) ಕೊಡದೆ ದಯವಿಟ್ಟು ಕೆಳಗೆ ತಲೆ ಹಾಕಬೇಡಿ.

ಮಲೆನಾಡು ಡ್ರೈವರ್:
ಅಣ್ಣ ಹೇಳಿದ್ದು ಸರಿ. ಬಿಚ್ಚಿದ ತಕ್ಷಣ ಹಳೇ ರಬ್ಬರ್ ರಿಂಗ್ ಫಿಲ್ಟರ್ ಜೊತೆಗೇ ಬಂತಾ ನೋಡಿ. ಎಷ್ಟೋ ಸಲ ಅದು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಕಪ್ಪು ಜಿಡ್ಡಿನ ಮಧ್ಯೆ ಕಣ್ಣಿಗೆ ಬೀಳಲ್ಲ, ಬೆರಳು ಸುತ್ತ ಆಡಿಸಿದರೆ ಗೊತ್ತಾಗುತ್ತದೆ. ಅದರ ಮೇಲೇ ಹೊಸದನ್ನು ಕೂರಿಸಿದರೆ ಪ್ರೆಶರ್ ಏರಿದಾಗ ರಿಂಗ್ ಜಾರಿ ಆಯಿಲ್ ಎಲ್ಲ ಹೊರಗೆ ಚಿಮ್ಮುತ್ತದೆ. ನೋಡಿಕೊಳ್ಳದೆ ಓಡಿಸಿದರೆ ಎಂಜಿನ್ನೇ ಸೀಜ್!

ಹೊಸ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ಒಣಗಿದ್ದರೆ ಮುಂದಿನ ಸಲವೂ ಇದೇ ಪಾಡು. ರಿಂಗ್ ತಾಗುವ ತನಕ ಕೈಯಲ್ಲೇ ತಿರುಗಿಸಿ, ಆಮೇಲೆ ಸುಮಾರು ಮುಕ್ಕಾಲು ಸುತ್ತು ಸಾಕು. ಫಿಲ್ಟರಿನ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದೇ ಕೊನೆ. ರಿಂಚ್ ಬಿಚ್ಚೋಕೆ ಮಾತ್ರ.

ತುಮಕೂರು ಸ್ವಿಫ್ಟ್:
ಚೈನ್ ರಿಂಚಿಗೆ ಬಂತು! ರಿಂಗ್ ನಿಜವಾಗಲೂ ಎಂಜಿನ್ನಿಗೇ ಅಂಟಿತ್ತು, ತೆಗೆದೆ. ಸ್ಟ್ಯಾಂಡ್ ಕೊಟ್ಟಿದ್ದೇನೆ ಅಣ್ಣ. ಈಗ ಆಯಿಲ್ ಎಷ್ಟು ಹಾಕಲಿ?

ಗ್ಯಾರೇಜ್ ಅಣ್ಣ:
ಡ್ರೈನ್ ಬೋಲ್ಟಿಗೆ (ಹಳೇ ಆಯಿಲ್ ಇಳಿಸೋಕೆ ಬಿಚ್ಚಿದ ಬೋಲ್ಟ್) ಹೊಸ ವಾಷರ್ ಹಾಕಿದಿರಾ ನೋಡಿಕೊಳ್ಳಿ. ಅಳತೆ, ಗ್ರೇಡ್ ಎರಡೂ ಮ್ಯಾನುಯಲ್‌ನಲ್ಲಿವೆ. ನಿಮ್ಮ ಗಾಡಿಗೆ ಹೆಚ್ಚುಕಡಿಮೆ ಮೂರು ಲೀಟರ್, ಆದರೆ ಒಂದೇ ಸಲ ಸುರಿಯಬೇಡಿ, ಸ್ವಲ್ಪ ಕಡಿಮೆ ಹಾಕಿ ಸ್ಟಾರ್ಟ್ ಮಾಡಿ. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಕೆಲವೇ ಸೆಕೆಂಡಲ್ಲಿ ಆರಬೇಕು, ಆರದಿದ್ದರೆ ತಕ್ಷಣ ಆಫ್ ಮಾಡಿ. ಫಿಲ್ಟರ್ ಸುತ್ತ ಟಾರ್ಚ್ ಬಿಟ್ಟು ಒಸರುತ್ತಾ ನೋಡಿ. ಕಾರು ಕೆಳಗಿಳಿಸಿ ಸಮತಟ್ಟಾದ ಜಾಗದಲ್ಲಿ 5 ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ, ಎರಡು ಗುರುತಿನ ನಡುವೆ ಬರುವಂತೆ ಟಾಪ್ ಅಪ್ ಮಾಡಿ.

ಹಳೇ ಆಯಿಲ್ ಚರಂಡಿಗೆ ಬೇಡ, ತೆಂಗಿನ ಬುಡಕ್ಕೂ ಬೇಡ. ಕ್ಯಾನಿಗೆ ತುಂಬಿ, ಹಳೇ ಫಿಲ್ಟರನ್ನೂ ಕವರಿಗೆ ಹಾಕಿ, ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ.